ಸಣ್ಣ ಜೇಬಿನ ಗುಳಿಗೆಗಳು

ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದವರಿಗೆ ಏನು ಉಣ್ಣಲು ಕೊಡಬೇಕು ಎಂದು ನಮ್ಮ ರಾಯದುರ್ಗದಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಕೇಳದೆಯೇ ಹೇಳುತ್ತಾರೆ. ಬದನೆಕಾಯಿ ಬೇಡ, ನಂಜು. ಬೇಳೆ ಬೇಡ, ವಾಯು. ತುಪ್ಪ ಬೇಡ, ಗಾಯ ಕೀವಾಗುತ್ತದೆ. ಮೊಸರು ಬೇಡ, ಶೀತ. ಬೇಡ ಎನ್ನುವುದೆಲ್ಲ ಮುಗಿದ ಮೇಲೆ ತಟ್ಟೆಯಲ್ಲಿ ಉಳಿಯುವುದು ಗಂಜಿ. ಇದಕ್ಕೆ ನಾವು ಪಥ್ಯ ಎನ್ನುತ್ತೇವೆ.

ನಾನು ವಿಜಯಲಕ್ಷ್ಮಿ. ಇಪ್ಪತ್ತೆರಡು ವರ್ಷದಿಂದ ಏಎನ್‌ಎಂ, ಅಂದರೆ ಮನೆ ಮನೆ ತಿರುಗುವ ಸರ್ಕಾರಿ ನರ್ಸು. ಮೊದಲು ಮಡಕಶಿರದ ಹಳ್ಳಿಗಳಲ್ಲಿದ್ದೆ, ಈಗ ರಾಯದುರ್ಗದಲ್ಲಿ. ನನ್ನ ಬಾಯಿ ಜೋರು ಎಂದು ಎರಡೂ ಕಡೆ ಹೇಳುತ್ತಾರೆ, ಸುಳ್ಳೇನಲ್ಲ. ಆದರೆ ಈ ಕಥೆಯಲ್ಲಿ ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನು ನೆಟ್ಟಗೆ ಕೇಳದೆ ತಪ್ಪಿದವಳೂ ನಾನೇ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ನಮ್ಮ ಓಣಿಯ ಕಲ್ಲೇಶ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ತರ. ವಯಸ್ಸು ನಲವತ್ತೇಳು. ಐವತ್ತು ಪದರ ಬಟ್ಟೆ ಹಾಸಿ ಮೆಷಿನ್ ಹಿಡಿದು ಕೊಯ್ದರೆ ಮೇಲಿನ ತುಂಡಿಗೂ ಕೆಳಗಿನ ತುಂಡಿಗೂ ಕೂದಲೆಳೆಯಷ್ಟು ಫರಕು ಬರುತ್ತಿರಲಿಲ್ಲ. ಕಳೆದ ವರ್ಷ ಅವನ ಕಣ್ಣು ಹಳದಿಯಾಯಿತು. ನೋವಿಲ್ಲ, ಜ್ವರವಿಲ್ಲ. ಮೈಯೆಲ್ಲ ತುರಿಕೆ, ಮೂತ್ರ ಚಹಾದ ಬಣ್ಣ, ಮಲ ಸುಣ್ಣದ ಹಾಗೆ ಬಿಳಿಚು. ಕಾಮಣಿ, ಅಂದರೆ ಕಾಮಾಲೆ, ಎಂದು ಎಲ್ಲರೂ ಹೇಳಿದರು. ಗುಮ್ಮಘಟ್ಟದ ಕಡೆಯಿಂದ ಸೊಪ್ಪಿನ ರಸ ತಂದು ಎರಡು ವಾರ ಕುಡಿಸಿದರು, ಹಳದಿ ಇಳಿಯಲಿಲ್ಲ. ನಾನು ಜಗಳ ಮಾಡಿ ಸ್ಕ್ಯಾನಿಂಗಿಗೆ ಕಳಿಸಿದೆ.

ಹೊಟ್ಟೆಯ ಹಿಂಭಾಗದಲ್ಲಿ ಮೇದೋಜ್ಜೀರಕ ಎಂಬ ಗ್ರಂಥಿ ಇದೆ. ಉಂಡದ್ದನ್ನು ಕರಗಿಸುವ ರಸವೂ, ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನೂ ಅಲ್ಲಿಂದಲೇ ಬರಬೇಕು. ಕಲ್ಲೇಶನಿಗೆ ಆ ಗ್ರಂಥಿಯಲ್ಲಿ ಗಡ್ಡೆಯಾಗಿತ್ತು. ಕ್ಯಾನ್ಸರ್. ಈ ಗಡ್ಡೆ ಕಂಡುಬಂದ ನೂರು ಜನರಲ್ಲಿ ಹದಿನೈದು ಇಪ್ಪತ್ತು ಜನರಿಗೆ ಮಾತ್ರ ಆಪರೇಷನ್ ಮಾಡುವ ಅವಕಾಶ ಇರುತ್ತದೆ, ಉಳಿದವರಿಗೆ ಅಷ್ಟರಲ್ಲಿ ಹರಡಿರುತ್ತದೆ. ಕಲ್ಲೇಶ ಆ ಹದಿನೈದು ಇಪ್ಪತ್ತರಲ್ಲಿ ಒಬ್ಬ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಏಳು ತಾಸು ಆಪರೇಷನ್ ಆಯಿತು. ಎರಡು ವಾರದ ಮೇಲೆ ಮನೆಗೆ ಬಂದ. ಹೋಗುವಾಗ ಅರವತ್ತಮೂರು ಕೆಜಿ ಇದ್ದವನು ಬರುವಾಗ ಐವತ್ತೈದು.

ಅವನ ತಾಯಿ ಅಂಬಮ್ಮ ಅಡುಗೆಮನೆಯನ್ನು ತನ್ನ ಕೈಗೆ ತೆಗೆದುಕೊಂಡಳು. ಎಪ್ಪತ್ತು ದಾಟಿದ ಹೆಂಗಸು. ಬೆಳಿಗ್ಗೆ ಲಿಂಗಪೂಜೆ ಆಗುವ ತನಕ ನೀರು ಸಹ ಮುಟ್ಟುವವಳಲ್ಲ. ನಾನು ನೋಡಲು ಹೋದಾಗ ಒಲೆಯ ಮುಂದೆ ಕುಳಿತು ಗಂಜಿ ತಿರುವುತ್ತಿದ್ದಳು.

"ಊಟಕ್ಕ ಏನು ಕೊಡ್ತೀರಿ ಅಂಬಮ್ಮ?"

"ಮೂರು ತಿಂಗಳು ಪತ್ಯ ಮಾಡಸಬೇಕಂತ ಹಿಡಿದೀನ್ರಿ ಸಿಸ್ಟರ್. ಹಳೇ ಅಕ್ಕಿ ಗಂಜಿ. ಎಣ್ಣಿ, ತುಪ್ಪ ಒಂದು ಹನಿ ಸೋಕಿಸಿಲ್ಲ."

"ಆಸ್ಪತ್ರಿ ಚೀಟಿಯಾಗ ಏನು ಬರ್ದಾರ, ಭುವನಾ ಓದಿ ಹೇಳಿಲ್ಲೇನು? ದಿನಕ್ಕ ಆರು ಸಲ, ಸ್ವಲ್ಪ ಸ್ವಲ್ಪ. ಬ್ಯಾಳಿ, ಮೊಸರು, ಪನೀರ್, ಶೇಂಗಾ ಚಟ್ನಿ ಅಂತ ಬರ್ದಾರ."

"ಡಾಕ್ಟ್ರಿಗೆ ಕೊಯ್ಯಾದು ಗೊತ್ತು. ಕೊಯ್ದ ಹೊಟ್ಟಿಗೆ ಏನು ಹಾಕಬೇಕಂತ ನನಗ ಗೊತ್ತೈತಿ. ಈ ಮನ್ಯಾಗ ನಾಕು ಬಾಣಂತನ ಮಾಡಿದಾಕಿ ನಾನು."

ಸೊಸೆ ಭುವನಾ ಬಾಗಿಲ ಹಿಂದೆ ನಿಂತು ನನ್ನ ಮುಖ ನೋಡಿದಳು. ಅತ್ತೆಯ ಮುಂದೆ ಅವಳ ಮಾತು ನಡೆಯುವುದಿಲ್ಲ. ನಾನು ಕಲ್ಲೇಶನ ಕಡೆ ತಿರುಗಿದೆ. ಆಪರೇಷನ್ ಆದ ಮೇಲೆ ಆ ಗ್ರಂಥಿಯ ರಸ ಸಾಲದೆ ಹೋಗುತ್ತದೆ. ಅದಕ್ಕೆ ಬದಲಾಗಿ ಪ್ರತಿ ಊಟದ ಜೊತೆ ನುಂಗಲು ಗುಳಿಗೆ ಕೊಟ್ಟಿರುತ್ತಾರೆ. ಅದಿಲ್ಲದಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ.

"ಊಟದ ಗುಳಿಗಿ ತಗೊಳ್ತಿ ಅಲ್ಲೇನಪ್ಪ?"

"ಹೂಂ ರಿ," ಎಂದ, ಗೋಡೆ ನೋಡುತ್ತ.

ನಾನು ಪುಸ್ತಕದಲ್ಲಿ ಟಿಕ್ ಹಾಕಿಕೊಂಡು ಮುಂದಿನ ಮನೆಗೆ ಹೋದೆ. ನನ್ನ ತಪ್ಪು ಅಲ್ಲಿಯೇ ಆಗಿದ್ದು.

ಆಪರೇಷನ್ ಆಗಿ ಐದನೆಯ ವಾರ ಬೆಂಗಳೂರಿಗೆ ತೋರಿಸಲು ಹೋದರು. ತಕ್ಕಡಿ ನಲವತ್ತೊಂಬತ್ತು ತೋರಿಸಿತು. ಡಾಕ್ಟರ್ ಎರಡು ಸಲ ತೂಗಿಸಿದರಂತೆ. ಮರುದಿನ ಭುವನಾ ಸಬ್ ಸೆಂಟರಿಗೆ ಬಂದು ನನ್ನ ಮುಂದೆ ಕುಳಿತಳು. ಅತ್ತು ಅತ್ತು ಕಣ್ಣು ಬಾತಿದ್ದವು.

"ಕೀಮೋ ಶುರು ಮಾಡಬೇಕಿತ್ತಂತ್ರಿ. ಇಷ್ಟು ನಿಶ್ಶಕ್ತಿ ಇದ್ರ ಕೊಡಾಕ ಆಗಲ್ಲ ಅಂದ್ರು. ಮೂರು ವಾರ ಟೈಮ್ ಕೊಟ್ಟಾರ. ತೂಕ ಇಳಿಯಾದು ನಿಲ್ಬೇಕು ಅಂದ್ರು. ಹನ್ನೆರಡು ವಾರ ದಾಟಿದ್ರ ಕೀಮೋ ಕೊಟ್ರೂ ಉಪಯೋಗ ಕಮ್ಮಿ ಅಂತ. ಅತ್ತಿಗೆ ಹೇಳಿದ್ರ, ದಾರಿಯಾಗ ಏನೋ ತಿನ್ಸಿದಿ, ಅದಕ ಇಳಿದಾನ ಅಂತ ನನ್ನ ಬೈತಾರ."

ನಾನು ಹೋಗಿ ಇನ್ನೊಂದು ಸಲ ಕೂಗಾಡಬಹುದಿತ್ತು. ಅಂಬಮ್ಮನ ಮುಂದೆ ಅದು ಕೋಣನ ಮುಂದೆ ಕಿನ್ನರಿ ಎಂದು ನನಗೆ ಗೊತ್ತಿತ್ತು. ಆಗ ಮಡಕಶಿರದ ಹತ್ತಿರದ ಹಳ್ಳಿಯ ಕದಿರಮ್ಮ ನೆನಪಾದಳು. ನಾನು ಅಲ್ಲಿದ್ದಾಗ ಅವಳ ಗಂಡ ಲಕ್ಷ್ಮೀನರಸಪ್ಪನಿಗೆ ಇದೇ ಆಪರೇಷನ್ ಆಗಿತ್ತು. ಫೋನ್ ಮಾಡಿ ವಿಷಯ ಹೇಳಿದೆ. "ಬತ್ತೀನಿ ಕಣಮ್ಮ. ಫೋನಾಗೆ ಏಳೋ ಮಾತಲ್ಲ ಇದು," ಎಂದಳು.

ಎರಡು ದಿನ ಬಿಟ್ಟು ಪಾವಗಡ, ಕಲ್ಯಾಣದುರ್ಗ ಬಸ್ಸು ಬದಲಿಸುತ್ತ ಮಧ್ಯಾಹ್ನದ ಹೊತ್ತಿಗೆ ಬಂದಳು. ಕೈಯಲ್ಲಿ ಒಂದು ಚೀಲ ಕಡಲೆಕಾಯಿ, ಸ್ವಂತ ಹೊಲದ್ದು. ಅಂಬಮ್ಮ ಚಾಪೆ ಹಾಸಿದಳು, ನೀರು ಕೊಟ್ಟಳು. ಒಳಕೋಣೆಯಲ್ಲಿ ಮಲಗಿದ್ದ ಕಲ್ಲೇಶನನ್ನು ಕದಿರಮ್ಮ ಬಾಗಿಲಲ್ಲೇ ನಿಂತು ನೋಡಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದು ಕುಳಿತಳು.

"ನಮ್ಮೆಜಮಾನ್ರೂ ಇಂಗೇ ಆಗಿದ್ರು," ಎಂದಳು. "ನಾನೂ ನಿಮ್ಮಂಗೇ ಪತ್ಯ ಮಾಡ್ದೆ ಕಣಕ್ಕ. ರಾಗಿ ಗಂಜಿ ಬಿಟ್ರೆ ಇನ್ನೊಂದು ಇಕ್ಕಲಿಲ್ಲ. ಒಳ್ಳೇದಾಗ್ಲಿ ಅಂತ್ಲೇ ಮಾಡಿದ್ದು. ಎದ್ದು ನಿಂತ್ಕಣಾಕೂ ಆಗದಂಗಾದ್ರು. ಆಸ್ಪತ್ರೇಲಿ ಕೀಮೋ ಈ ತಿಂಗ್ಳು ಬ್ಯಾಡ ಅಂದ್ರು. ಮುಂದಿನ ತಿಂಗ್ಳೂ ಬ್ಯಾಡ ಅಂದ್ರು. ಆಮ್ಯಾಕೆ ಇನ್ನು ಕೊಟ್ಟು ಪ್ರಯೋಜನ ಇಲ್ಲ ಅಂದ್ರು."

"ಈಗ ಹೆಂಗದಾರ ನಿಮ್ಮ ಯಜಮಾನ್ರು?" ಎಂದು ಅಂಬಮ್ಮ ಕೇಳಿದಳು.

"ಆಪರೇಷನ್ ಆಗಿ ಒಂದು ವರ್ಷ ಎರಡು ತಿಂಗ್ಳು ಇದ್ರು. ಓಗಿ ಮೂರು ವರ್ಷ ಆಯ್ತು."

ಅಂಬಮ್ಮ ನನ್ನ ಕಡೆ ತಿರುಗಿದಳು. ಅವಳ ದನಿ ಗಟ್ಟಿಯಾಗಿರಲಿಲ್ಲ, ಆದರೆ ನೇರವಾಗಿತ್ತು. "ನೋಡ್ರಿ ಸಿಸ್ಟರ್. ಕೊಯ್ಸಿದ್ರೂ ಉಳೀಲಿಲ್ಲ. ಮತ್ತ ಆಪರೇಷನ್ ಮಾಡ್ಸಿ ಏನು ಬಂತು? ನನ್ನ ಮಗನ್ನ ಯಾಕ ಇಷ್ಟು ಗೋಳಾಡಸ್ತೀರಿ?"

ಕದಿರಮ್ಮನೇ ಹೇಳಿದಳು.

"ಆ ಒಂದು ವರ್ಷ ಎರಡು ತಿಂಗ್ಳು ಬಂತಕ್ಕ. ಮಗಳು ಗಂಗೋತ್ರಿ ಎರಿಗೆಗೆ ಬಂದಿದ್ಲು. ಮೊಮ್ಮಗನ್ನ ತೊಡೆ ಮ್ಯಾಲೆ ಮಲಗಿಸ್ಕಂಡು ಜಗಲಿ ಮ್ಯಾಲೆ ಕುಂತಿರೋರು. ಅದು ನಂಗೆ ಕಮ್ಮಿ ಅಲ್ಲ. ಆದ್ರೆ ಒಟ್ಟೆ ತುಂಬ ಇಕ್ಕಿ, ಕೀಮೋ ಕೊಡ್ಸಿದ್ರೆ ಇನ್ನೆಷ್ಟು ದಿನ ಇರ್ತಿದ್ರೋ, ಅದು ನಂಗೆ ಯಾವತ್ತೂ ಗೊತ್ತಾಗಲ್ಲ. ಡಾಕ್ಟ್ರುನ್ನೂ ಕೇಳ್ದೆ. ಗೊತ್ತಿಲ್ಲಮ್ಮ ಅಂದ್ರು. ಅದೊಂದು ನನ್ ಜತೇಗೇ ಉಳ್ಕಂಡೈತೆ. ನಿಮಗೆ ಅದು ಬ್ಯಾಡ ಅಂತ್ಲೇ ನಾನು ಬಂದಿರೋದು."

ಹೊರಗೆ ಆಟೋದವನು ಅನಂತಪುರ ರಸ್ತೆಗೆ ಜನ ಕೂಗುತ್ತಿದ್ದ. ಕದಿರಮ್ಮ ತಾನು ತಂದ ಕಡಲೆಕಾಯಿ ಚೀಲ ಬಿಚ್ಚಿ ಮೊರಕ್ಕೆ ಸುರಿದು ಸುಲಿಯತೊಡಗಿದಳು. ಸುಮ್ಮನೆ ಕುಳಿತು ಅಭ್ಯಾಸವಿಲ್ಲದ ಕೈ ಅವಳದು.

"ನಾವು ರೇಷ್ಮೆ ಉಳ ಮೇಯ್ಸೋರು," ಎಂದಳು. "ಉಳ ನಾಕು ಸಲ ಪೊರೆ ಬಿಡ್ತೈತೆ. ಅದ್ಕೆ ನಾವು ಜ್ವರ ಅಂತೀವಿ. ಜ್ವರಕ್ಕೆ ಕುಂತಾಗ ಸೊಪ್ಪು ಆಕಲ್ಲ, ಸರಿ. ಎದ್ದ ಮ್ಯಾಲೆ? ಒತ್ತೊತ್ತಿಗೆ ಸೊಪ್ಪು ಆಕ್ಬೇಕು. ಎದ್ದ ಉಳನ ಅರೆಒಟ್ಟೆ ಬಿಟ್ರೆ ಅದು ಗೂಡು ಕಟ್ಟಲ್ಲ. ಇಷ್ಟು ಗೊತ್ತಿದ್ದ ನಾನು ಮನೆ ಯಜಮಾನ್ರಿಗೆ ಆರು ವಾರ ಗಂಜಿ ಕುಡ್ಸಿದೆ."

ಆಗ ನಾನು ಲೆಕ್ಕ ಇದ್ದ ಹಾಗೆ ಹೇಳಿದೆ. "ಅಂಬಮ್ಮ, ನಾನು ಆಸೆ ಹುಟ್ಸಾಕ ಸುಳ್ಳು ಹೇಳಲ್ಲ. ಇದು ಕೆಟ್ಟ ಕಾಯಿಲೆ. ಆಪರೇಷನ್ ಒಂದೇ ಮಾಡ್ಸಿ ಬಿಟ್ರ ಐದು ವರ್ಷ ದಾಟೋರು ಹತ್ತರಾಗ ಒಬ್ರು. ಕೀಮೋನೂ ಪೂರ್ತಿ ಮುಗ್ಸಿದ್ರ ನಾಕೈದು ಮಂದ್ಯಾಗ ಒಬ್ರು. ನಿಮ್ಮ ಮಗ ಆ ಒಬ್ರಾಗ ಇರ್ತಾನೋ ಇಲ್ಲೋ ನನಗೂ ಗೊತ್ತಿಲ್ಲ, ಡಾಕ್ಟ್ರಿಗೂ ಗೊತ್ತಿಲ್ಲ. ಆದ್ರ ಆ ಸಾಲಿನ್ಯಾಗ ನಿಲ್ಸಾದು ನಮ್ಮ ಕೈಯಾಗೈತಿ. ಅದಕ ಅವನ ಮೈಯಾಗ ಕಸುವಿರಬೇಕು."

ಅಂಬಮ್ಮ ಎದ್ದು ಗಂಜಿಯ ಪಾತ್ರೆಯನ್ನು ಕೆಳಗಿಳಿಸಿ, "ಭುವನಾ, ಬ್ಯಾಳಿ ಇಡವ್ವ," ಎಂದಳು. ಕದಿರಮ್ಮ ಸುಲಿದ ಕಾಯಿ ಅಂದೇ ಚಟ್ನಿಪುಡಿಯಾಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಒಂದು ವಾರ ಬೇಳೆ, ಮೊಸರು, ಚಮಚೆ ತುಪ್ಪ ಎಲ್ಲ ಕೊಟ್ಟರು. ನಾನು ತಕ್ಕಡಿ ತೆಗೆದುಕೊಂಡು ಹೋಗಿ ತೂಗಿದರೆ ನಲವತ್ತೆಂಟು. ಹೊಟ್ಟೆ ಉಬ್ಬರ, ದಿನಕ್ಕೆ ನಾಲ್ಕೈದು ಸಲ ಮಲ, ಅದರ ಮೇಲೆ ಎಣ್ಣೆ ತೇಲಿದ ಹಾಗೆ ಜಿಡ್ಡು, ಕೆಟ್ಟ ವಾಸನೆ.

"ನಾ ಹೇಳಿದ್ದಿಲ್ಲೇನು," ಎಂದಳು ಅಂಬಮ್ಮ. ಗೆದ್ದೆ ಎನ್ನುವ ದನಿಯಲ್ಲ ಅದು. ಅವಳಿಗೆ ಹೆದರಿಕೆಯಾಗಿತ್ತು. "ತುಪ್ಪ ಒಗ್ಗಂಗಿಲ್ಲ. ನಾಳಿಂದ ಮತ್ತ ಗಂಜೀನ."

ಜಿಡ್ಡು ತೇಲುವ ಮಲ ಎಂದರೆ ಗುಳಿಗೆ ಹೊಟ್ಟೆಗೆ ಹೋಗುತ್ತಿಲ್ಲ ಅಥವಾ ಸಾಲುತ್ತಿಲ್ಲ ಎಂದು ಅರ್ಥ. ಭುವನಾಳನ್ನು ಹೊರಗೆ ಕರೆದು ಕೇಳಿದೆ. ದಿನಾ ಊಟದ ಜೊತೆ ತಾನೇ ಕೈಗೆ ಕೊಡುವುದಾಗಿಯೂ, ಅವನು ಬಾಯಿಗೆ ಹಾಕಿಕೊಳ್ಳುವುದನ್ನು ನೋಡಿರುವುದಾಗಿಯೂ ಹೇಳಿದಳು. ಗುಳಿಗೆಯ ಸ್ಟ್ರಿಪ್ಪೂ ಲೆಕ್ಕಕ್ಕೆ ಸರಿಯಾಗಿಯೇ ಖಾಲಿಯಾಗಿತ್ತು.

ಮರುದಿನ ಬೆಳಿಗ್ಗೆ ಭುವನಾ ಓಡಿಬಂದಳು. ಬೆಂಗಳೂರಿಗೆ ಹಾಕಿಕೊಂಡು ಹೋಗಿದ್ದ ಅವನ ಜೀನ್ಸ್ ಪ್ಯಾಂಟು ಗೂಟಕ್ಕೆ ತೂಗುತ್ತಿತ್ತಂತೆ. ನೆನೆಹಾಕುವ ಮೊದಲು ಜೇಬು ನೋಡಿದ್ದಾಳೆ. ಜೀನ್ಸ್‌ನ ಬಲಗಡೆ ದೊಡ್ಡ ಜೇಬಿನೊಳಗೆ ಒಂದು ಸಣ್ಣ ಜೇಬಿರುತ್ತದಲ್ಲ, ಅದು ಉಬ್ಬಿತ್ತು. ಒಳಗೆ ಹನ್ನೊಂದು ಗುಳಿಗೆ. ಆ ಜೇಬಿನ ಅಳತೆಯನ್ನು ದಿನಕ್ಕೆ ಸಾವಿರ ಸಲ ಕೊಯ್ದವನು ಅವನು. ಅದರೊಳಗೆ ಯಾರೂ ಕೈ ಹಾಕುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು?

ನಾನು ಹೋದಾಗ ಅಂಬಮ್ಮನ ಪೂಜೆ ಆಗಷ್ಟೇ ಮುಗಿದಿತ್ತು. ಹಣೆಯ ಮೇಲಿನ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಬಂದು ನಮ್ಮ ಪಕ್ಕ ಕುಳಿತಳು. ಗುಳಿಗೆಗಳನ್ನು ಕಲ್ಲೇಶನ ಮುಂದೆ ಇಟ್ಟು, ಬಾಯಿ ಜೋರು ಮಾಡದೆ ಕುಳಿತೆ. "ಯಾಕಪ್ಪ?" ಎಂದು ಮಾತ್ರ ಕೇಳಿದೆ.

ಅವನು ಮೆಲ್ಲಗೆ ಹೇಳಿದ. "ನಾಲಿಗಿ ಕೆಳಗ ಇಟ್ಕೊಂಡು, ಎಲ್ಲರೂ ಹೋದ ಮ್ಯಾಲೆ ತೆಗೀತಿದ್ದೆ ರಿ. ಮೊದಲಿಂದು ಮೋರಿಗೆ ಹಾಕ್ದೆ. ಈಗ ಮೋರಿ ತನಕ ನಡ್ಯಾಕ ಆಗಲ್ಲ."

"ಯಾವಾಗಿಂದ?"

"ಆಪರೇಷನ್ ಮಾಡಿಸ್ಕೊಂಡು ಬೆಂಗಳೂರಿಂದ ಬಂದ ವಾರ. ಯೂನಿಟ್ಟಿನ ಜಯಣ್ಣ ನೋಡಾಕ ಬಂದಿದ್ದ. ಗುಳಿಗಿ ಹೆಸರು ಫೋನಿನ್ಯಾಗ ಹಾಕಿ ನೋಡಿದ. ಅದನ್ನ ಹಂದಿ ಹೊಟ್ಟಿಯಾಗಿಂದು ತೆಗೆದು ಮಾಡ್ತಾರಂತ." ಅವನ ಕೈ ಕೊರಳಲ್ಲಿದ್ದ ಲಿಂಗದ ಮೇಲೆ ಹೋಯಿತು. "ಅವ್ವ ಪೂಜಿ ಆಗದ ಹನಿ ನೀರು ಕುಡಿಯಾಕಿ ಅಲ್ಲ. ಆಕಿ ಮಾಡಿದ್ದು ಉಣ್ಣುವಾಗ ಅದನ್ನ ಹೆಂಗ ನುಂಗ್ಲಿ ರಿ? ಆಕಿಗೆ ಗೊತ್ತಾದ್ರ ಎದಿ ಒಡಕೊಂತಾಳ ಅಂತ ಹೇಳಲಿಲ್ಲ."

ಹಂದಿಯದಲ್ಲ ಎಂದು ಒಂದು ಮಾತು ಹೇಳಿದ್ದರೆ ಆ ಹೊತ್ತಿಗೆ ಸುಲಭವಾಗುತ್ತಿತ್ತು. ನನ್ನ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಸುಳ್ಳಿನ ಮೇಲೆ ನುಂಗಿಸಿದ ಔಷಧ ಎಷ್ಟು ದಿನ ನಡೆದೀತು? "ಜಯಣ್ಣ ಹೇಳಿದ್ದು ಖರೆ," ಎಂದೆ. ಎಲ್ಲರಿಗೂ ಕೇಳುವ ಹಾಗೆ ಬೆಂಗಳೂರಿನ ಡಾಕ್ಟರಿಗೆ ಫೋನ್ ಹಚ್ಚಿದೆ. ಇದಕ್ಕೆ ಸರಿಸಮನಾದ ಬೇರೆ ಔಷಧ ಸದ್ಯಕ್ಕೆ ತಮ್ಮ ಬಳಿ ಇಲ್ಲವೆಂದೂ, ಒತ್ತಾಯ ಮಾಡುವುದಿಲ್ಲವೆಂದೂ ಅವರು ಹೇಳಿದರು. "ಇದನ್ನ ನಾವೇ ಮೊದಲೇ ಹೇಳಬೇಕಿತ್ತು. ನಮ್ಮದೂ ತಪ್ಪಿದೆ," ಎಂದೂ ಸೇರಿಸಿದರು.

ಫೋನ್ ಇಟ್ಟ ಮೇಲೆ ಯಾರೂ ಅಂಬಮ್ಮನ ಮುಖ ನೋಡಲಿಲ್ಲ. ಅವಳು ಕಣ್ಣು ಮುಚ್ಚಿ ಕುಳಿತಿದ್ದಳು. ತುಟಿ ಮಾತ್ರ ಅಲುಗುತ್ತಿತ್ತು. ಏನು ಕೇಳಿಕೊಂಡಳೋ, ಯಾರಿಗೆ ಹೇಳಿಕೊಂಡಳೋ ನನಗೆ ತಿಳಿಯದು. ನಂತರ ಎದ್ದು ಒಳಗೆ ಹೋಗಿ ತಟ್ಟೆಯಲ್ಲಿ ಅನ್ನ, ಬೇಳೆ, ಮೇಲೊಂದು ಚಮಚೆ ತುಪ್ಪ ಹಾಕಿಕೊಂಡು ಬಂದಳು. ಮಗನ ಪಕ್ಕದಲ್ಲಿ ಕುಳಿತು, ಭುವನಾಳ ಕೈಯಲ್ಲಿದ್ದ ಸ್ಟ್ರಿಪ್ಪಿನಿಂದ ಒಂದು ಗುಳಿಗೆಯನ್ನು ತಾನೇ ಬಿಡಿಸಿದಳು. ವಯಸ್ಸಾದ ಬೆರಳಿಗೆ ಅದು ಬೇಗ ಬರಲಿಲ್ಲ. ಭುವನಾ ಸಹಾಯಕ್ಕೆ ಬಂದರೆ ಬೇಡವೆಂದಳು.

"ನುಂಗು," ಎಂದಳು.

"ಅವ್ವಾ, ಪಾಪ ಬರ್ತೈತಿ."

"ಬಂದ್ರ ನನಗ ಬರ್ಲಿ. ಒಂಬತ್ತು ತಿಂಗಳು ನಿನ್ನ ಹೊತ್ತಾಕಿ ನಾನು, ಅದನ್ನೂ ಹೊರ್ತೀನಿ. ನೀ ಉಣ್ಣು."

ಕಲ್ಲೇಶ ಮೊದಲ ತುತ್ತಿನ ಜೊತೆ ನುಂಗಿದ. ತಾಯಿ ಅವನ ಬಾಯಿ ತೆರೆಸಿ ನಾಲಿಗೆಯ ಕೆಳಗೆ ನೋಡಿದಳು, ಮಗುವಿಗೆ ನೋಡುವ ಹಾಗೆ. ಭುವನಾ ಗೋಡೆಯ ಕಡೆ ತಿರುಗಿ ಅತ್ತಳು. ನನಗೂ ತಡೆಯಲಾಗಲಿಲ್ಲ, ಹೇಳಲು ನಾಚಿಕೆಯೇನಿಲ್ಲ.

ನಾಲ್ಕೇ ದಿನಕ್ಕೆ ಜಿಡ್ಡು ನಿಂತಿತು. ಆಸ್ಪತ್ರೆ ಕೊಟ್ಟಿದ್ದ ಗಡುವಿನ ದಿನ ತಕ್ಕಡಿ ನಲವತ್ತೊಂಬತ್ತೂವರೆ ತೋರಿಸಿತು. ದೊಡ್ಡ ಏರಿಕೆಯೇನಲ್ಲ. ಆದರೆ ಇಳಿಯುವುದು ನಿಂತಿತ್ತು, ಬೇಕಾಗಿದ್ದದ್ದೂ ಅದೇ. ಒಂಬತ್ತನೆಯ ವಾರ ಕೀಮೋ ಶುರುವಾಯಿತು. ಆರು ತಿಂಗಳು ನಡೆಯಿತು. ಕಷ್ಟದ ಆರು ತಿಂಗಳು. ಬಾಯಿ ಹುಣ್ಣಾಯಿತು, ಎರಡು ಸಲ ಜ್ವರ ಬಂದು ಆಸ್ಪತ್ರೆಗೆ ಸೇರಿಸಬೇಕಾಯಿತು, ಸಕ್ಕರೆ ಕಾಯಿಲೆಯೂ ಹತ್ತಿಕೊಂಡಿತು. ಈಗ ಆಪರೇಷನ್ ಆಗಿ ಒಂದು ವರ್ಷ ನಾಲ್ಕು ತಿಂಗಳು. ಹೋದ ತಿಂಗಳ ಸ್ಕ್ಯಾನಿಂಗಿನಲ್ಲಿ ಏನೂ ಕಂಡಿಲ್ಲ. ಮುಂದಿನದರಲ್ಲಿ ಏನು ಕಾಣುತ್ತದೋ ಯಾರೂ ಮಾತು ಕೊಟ್ಟಿಲ್ಲ. ಕಲ್ಲೇಶ ಅರ್ಧ ದಿನ ಯೂನಿಟ್ಟಿಗೆ ಹೋಗಿ ಬರುತ್ತಾನೆ.

ಈ ಕಥೆ ಬರೆಯಲೇ ಎಂದು ಕೇಳಲು ಹೋದಾಗ ಅಂಬಮ್ಮ ಹೇಳಿದಳು: "ಬರೀರಿ. ನನ್ನ ಹೆಸರು ಹಾಕಿ ಬರೀರಿ. ಪತ್ಯ ಮಾಡಿ ಮಗನ್ನ ಸೊರಗಿಸಿದಾಕಿ ಅಂತ ಬರೀರಿ. ಓದಿದವ್ರು ನನ್ನಂಗ ಮಾಡದಿದ್ರ ಸಾಕು." ಕದಿರಮ್ಮನೂ ಫೋನಿನಲ್ಲಿ ತನ್ನ ಹೆಸರು, ತನ್ನ ಯಜಮಾನರ ಹೆಸರು ಹಾಕಲು ಹೇಳಿದಳು. ಅದಕ್ಕೇ ಹಾಕಿದ್ದೇನೆ.

ಅಕ್ಕಂದಿರೇ, ಅಣ್ಣಂದಿರೇ, ನೋವಿಲ್ಲದೆ ಕಣ್ಣು ಹಳದಿಯಾದರೆ, ಕಾರಣವಿಲ್ಲದೆ ತೂಕ ಇಳಿದರೆ, ಐವತ್ತರ ಆಸುಪಾಸಿನಲ್ಲಿ ಇದ್ದಕ್ಕಿದ್ದಂತೆ ಸಕ್ಕರೆ ಕಾಯಿಲೆ ಬಂದರೆ ಸೊಪ್ಪಿನ ರಸ ಕುಡಿಯುತ್ತ ಕೂರಬೇಡಿ, ಸ್ಕ್ಯಾನಿಂಗ್ ಮಾಡಿಸಿ. ಈ ಆಪರೇಷನ್ ದಿನವೂ ಮಾಡುವ ದೊಡ್ಡ ಆಸ್ಪತ್ರೆಗೇ ಹೋಗಿ. ಆದ ಮೇಲೆ ಗಂಜಿಯ ಪಥ್ಯ ಬೇಡ. ಡಾಕ್ಟರ್ ಬರೆದದ್ದನ್ನು ಸ್ವಲ್ಪ ಸ್ವಲ್ಪವಾಗಿ ಆರು ಸಲ ಉಣಿಸಿ. ಗುಳಿಗೆಯನ್ನು ಬರಿ ಹೊಟ್ಟೆಗೆ ಕೊಡದೆ ಮೊದಲ ತುತ್ತಿನ ಜೊತೆ ಕೊಡಿ. ವಾರಕ್ಕೊಮ್ಮೆ ತೂಗಿ ಬರೆದಿಡಿ. ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ಗಾಯ ಸೋರಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನೊಂದು ಮಾತು. ನಾನು ಟಿಕ್ ಹಾಕಿದ ಹಾಗೆ ನೀವು ಟಿಕ್ ಹಾಕಬೇಡಿ. "ಗುಳಿಗಿ ತಗೊಂಡೆಯಾ?" ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಪಕ್ಕದಲ್ಲಿ ಕುಳಿತು, "ಇದನ್ನ ನುಂಗಾಕ ನಿನಗೇನು ಅಡ್ಡಿ ಐತಿ?" ಎಂದು ಕೇಳಿ. ಅವರು ಹೇಳುವುದನ್ನು ಬೈಯದೆ ಕೇಳಿಸಿಕೊಳ್ಳಿ. ಇವತ್ತು ಮನೆಗೆ ಹೋದ ಮೇಲೆ ಗೂಟದ ಮೇಲಿನ ಪ್ಯಾಂಟಿನ ಸಣ್ಣ ಜೇಬಿಗೂ ಒಮ್ಮೆ ಕೈ ಹಾಕಿ ನೋಡಿ.